ರೇಣುಕಾಳ ಡೊಳ್ಳು, ಶ್ರೀಕಂಠನ ಪೆಟ್ಟಿಗೆ

ಕಳೆದ ವಾರ ಶ್ರೀಕಂಠ ಫೋನ್ ಮಾಡಿ, "ಪದ್ಮಕ್ಕ, ಮನೆ ಹೋಯ್ತು. ಸೋಮವಾರ ಕ್ಲೋಸಿಂಗ್, ಕೀಲಿ ಕೊಟ್ಟುಬಿಡ್ಬೇಕು. ಡೊಳ್ಳುಗಳೆಲ್ಲ ಕೆಳಗೇ ಇವೆ, ಬಂದು ತಗೊಂಡು ಹೋಗ್ತೀರಾ?" ಎಂದ. ನ್ಯೂಯಾರ್ಕಿನ ಹೊರವಲಯದ ಎಡಿಸನ್‌ನಲ್ಲಿ ಮನೆ ಮಾರುವುದೇನೂ ದೊಡ್ಡ ಸುದ್ದಿಯಲ್ಲ, ಬೋರ್ಡು ನೆಟ್ಟ ವಾರಕ್ಕೇ ಗಿರಾಕಿ ಬರುತ್ತಾರೆ. ಆದರೂ ಮನಸ್ಸು ಪಿಚ್ಚೆಂದಿತು. ಎರಡು ಬೀದಿ ಆಚೆಗಿನ ಆ ಮನೆಗೆ ನಾನು ಕಾಲಿಟ್ಟು ಬಹಳ ದಿನವಾಗಿತ್ತು. ಶನಿವಾರ ಹೋಗಿ ಬೇಸ್‌ಮೆಂಟಿನ ಬಾಗಿಲು ತೆಗೆದದ್ದೇ ತಡ, ಪ್ಲೈವುಡ್ಡು, ಮರದ ಅಂಟು, ಅವುಗಳ ಅಡಿಯಲ್ಲಿ ಹದ ಮಾಡಿದ ಚರ್ಮ, ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು. ಮುಂದಿನ ಮೆಟ್ಟಿಲಿಗೆ ಕಾಲು ಇಡಲಾಗದೆ ಕಂಬಿ ಹಿಡಿದು ನಿಂತುಬಿಟ್ಟೆ.

ಶ್ರೀಕಂಠ ನನ್ನ ಗೆಳತಿ ರೇಣುಕಾಳ ಗಂಡ. ರೇಣುಕಾ ಹೋಗಿ ಮೂರು ವರ್ಷವಾಯಿತು. ಆ ವಾಸನೆ ಅವಳು ಹೋದ ವರ್ಷದ ಬೇಸಿಗೆಯದು. ಅವಳಿಲ್ಲದ ಮನೆಯಲ್ಲಿ ಅಪ್ಪ ಮಗಳು ಸೇರಿ ಮಂಚದಷ್ಟು ದೊಡ್ಡ ಸಬ್‌ವೂಫರ್, ಅಂದರೆ ಗುಡುಗಿನಂಥ ಸದ್ದಿಗೆಂದೇ ಇರುವ ಸ್ಪೀಕರಿನ ಪೆಟ್ಟಿಗೆ ಕಟ್ಟಿದ ಬೇಸಿಗೆಯದು.

ರೇಣುಕಾ ಹಾವೇರಿ ಕಡೆಯವಳು. ಅವಳ ಅಪ್ಪ ಬೀರಪ್ಪನ ಗುಡಿಯ ಡೊಳ್ಳಿನ ಮೇಳದಲ್ಲಿದ್ದವರು. ಹೆಣ್ಣುಮಕ್ಕಳು ಡೊಳ್ಳು ಮುಟ್ಟುವ ರೂಢಿ ಆಗ ಅವರಲ್ಲಿ ಇರಲಿಲ್ಲ. ಇವಳು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ, ಜೊತೆಗೆ ಓದುತ್ತಿದ್ದ ಮೈಸೂರಿನ ಶ್ರೀಕಂಠನನ್ನು ಮೆಚ್ಚಿ ಮದುವೆಯಾಗಿ, ಇಲ್ಲಿಗೆ ಬಂದು, ಮಾರಿಸ್‌ಟೌನ್‌ನ ಆಫೀಸೊಂದರಲ್ಲಿ ವರ್ಷಗಟ್ಟಲೆ ಸಾಫ್ಟ್‌ವೇರಿನ ತಪ್ಪು ಹುಡುಕುತ್ತ ಕುಳಿತು, ನಲವತ್ತು ದಾಟಿದ ಮೇಲೆ ಒಂದು ದಿನ ಊರಿನಿಂದ ಡೊಳ್ಳು ತರಿಸಿಕೊಂಡಳು. "ಅಪ್ಪ ಇದ್ದಿದ್ರ ಬೈತಿದ್ದ. ಬೈದು, ಆಮ್ಯಾಲ ಕುಂತು ಕೇಳ್ತಿದ್ದ" ಎನ್ನುತ್ತಿದ್ದಳು.

ತಾನು ಬಾರಿಸಿಕೊಂಡು ಸುಮ್ಮನಿದ್ದರೆ ಆಗುತ್ತಿತ್ತು. ನಮ್ಮನ್ನೂ ಎಳೆದು ಹಾಕಿದಳು. ನಡುವಯಸ್ಸು ದಾಟಿದ ಆರೇಳು ಹೆಂಗಸರು, ಅರ್ಧ ಜನಕ್ಕೆ ಮಂಡಿನೋವು, ಇನ್ನರ್ಧ ಜನಕ್ಕೆ ತಾಳವೇ ಬಾರದು. ನಾನು ಎರಡೂ ಗುಂಪಿಗೆ ಸೇರಿದವಳು. ಭಾನುವಾರ ಮಧ್ಯಾಹ್ನ ಅವಳ ಬೇಸ್‌ಮೆಂಟಿನಲ್ಲಿ ಪ್ರಾಕ್ಟೀಸು. ಇಲ್ಲಿಯ ಬೇಸಿಗೆಯ ತೇವಕ್ಕೆ ಡೊಳ್ಳಿನ ಚರ್ಮ ಸಡಿಲವಾಗುತ್ತದೆಂದು ಮೊದಲು ಅವನ್ನೆಲ್ಲ ಮನೆ ಮುಂದಿನ ಡ್ರೈವ್‌ವೇಯಲ್ಲಿ ಬಿಸಿಲಿಗೆ ಸಾಲಾಗಿ ಇಡುತ್ತಿದ್ದಳು. ಪಕ್ಕದ ಮನೆಯವರು ಹಪ್ಪಳ ಒಣಗಿಸಿದ್ದಾರೆಂದುಕೊಂಡರೋ ಏನೋ, ಒಂದು ದಿನ ಬಂದು ಕೇಳಿಯೂ ಬಿಟ್ಟರು. ಕೆಳಗೆ ಹೋದ ಮೇಲೆ ನನ್ನ ಪಾಠ ಶುರು.

"ಪದ್ಮಕ್ಕ, ಹಂಗ ರೊಟ್ಟಿ ತಟ್ಟಿದಂಗ ತಟ್ಟಬ್ಯಾಡ್ರಿ. ಇದು ಕೈಯಿಂದ ಬಾರ್ಸೂದಲ್ಲ, ಹೊಟ್ಟಿಯಿಂದ ಬಾರ್ಸೂದು."

"ಹೊಟ್ಟೆ ಬೇಕಾದಷ್ಟಿದೆ ಕಣೆ, ಅದು ಮಾತು ಕೇಳಲ್ಲ" ಎನ್ನುತ್ತಿದ್ದೆ. ಅವಳು ಕೋಲು ಕೆಳಗಿಟ್ಟು ನಗುತ್ತಿದ್ದಳು.

ಅವಳೇ ಬಾರಿಸುವಾಗ ಬಲಗೈಯ ಕೋಲಿನ ಸದ್ದು ಎಲ್ಲರ ಹಾಗೆಯೇ ಇರುತ್ತಿತ್ತು. ಎಡಗೈ ಮಾತ್ರ ಬೇರೆ. ಆ ಅಂಗೈ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು, ಬಿದ್ದಾಗ ಕಿವಿಗಿಂತ ಮೊದಲು ಪಕ್ಕೆಲುಬಿನ ಕೆಳಗೆ ತಾಗುತ್ತಿತ್ತು. ಮೇಲೆ ಅಡುಗೆಮನೆಯ ಸಿಂಕಿನಲ್ಲಿ ತಟ್ಟೆಗಳು ಗಲಗಲ ಎನ್ನುತ್ತಿದ್ದವು. ಮಗಳು ನವ್ಯಾ ಊಟದ ಟೇಬಲ್ಲಿನಲ್ಲಿ ಹೋಮ್‌ವರ್ಕ್ ಮಾಡುತ್ತ, ಅಲುಗುವ ಟೇಬಲ್ಲಿನ ಮೇಲೆಯೇ ಅಕ್ಷರ ಬರೆದು ಬೆಳೆದಳು.

ಆಯುಧಪೂಜೆಯ ದಿನ ಎಲ್ಲರ ಡೊಳ್ಳುಗಳೂ ಅವಳ ಮನೆಯಲ್ಲೇ ಪೂಜೆಗೆ ಕೂರುತ್ತಿದ್ದವು. ಊರಿನಿಂದ ತಂದ ಭಂಡಾರ, ಅಂದರೆ ಬೀರಪ್ಪನ ಪ್ರಸಾದದ ಅರಿಶಿನ ಪುಡಿ, ಒಂದು ಪುಟ್ಟ ಡಬ್ಬಿಯಲ್ಲಿತ್ತು. ಅದನ್ನು ಮೂರು ಬೆರಳಿಗೆ ತೆಗೆದುಕೊಂಡು ಒಂದೊಂದು ಡೊಳ್ಳಿನ ಚರ್ಮದ ಮೇಲೂ ಅಡ್ಡಲಾಗಿ ಎಳೆಯುತ್ತಿದ್ದಳು. ಪೂಜೆಗೆ ಇಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಆಮೇಲೆ ಅವರವರದನ್ನು ಅವರವರೇ ಇಳಿಸಿಕೊಂಡು ಒಂದು ಸುತ್ತು ಬಾರಿಸಬೇಕು. ಹಾಗೆ ಬಾರಿಸಿದರೆ ಪೂಜೆ ಮುಗಿದಂತೆ.

ಕೊನೆಯ ವರ್ಷದ ಪೂಜೆಗೆ ಅವಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಂದು ಕುಳಿತಳು. ಕೀಮೋ ನಡೆಯುತ್ತಿತ್ತು. ಕೈ ನಡುಗುತ್ತಿದ್ದರೂ ಎಲ್ಲ ಡೊಳ್ಳುಗಳಿಗೂ ತಾನೇ ಭಂಡಾರ ಹಚ್ಚಿದಳು, ತನ್ನದಕ್ಕೆ ಕೊನೆಯಲ್ಲಿ. ವಿಜಯದಶಮಿಯಂದು ನಾವೆಲ್ಲ ನಮ್ಮ ನಮ್ಮದನ್ನು ಇಳಿಸಿಕೊಂಡೆವು. ಅವಳು ಸೋಫಾದ ಮೇಲಿಂದಲೇ, "ನಂದು ಇರ್ಲಿ ಪದ್ಮಕ್ಕ. ಸ್ವಲ್ಪ ಕೈಗೆ ಬಲ ಬರ್ಲಿ, ಮುಂದಿನ ವಾರ ಇಳಸ್ತೀನಿ" ಎಂದಳು. ಮುಂದಿನ ವಾರ ಆಸ್ಪತ್ರೆಯಲ್ಲಿದ್ದಳು. ಫೆಬ್ರವರಿಯಲ್ಲಿ, ಹಿಮ ಮೊಣಕಾಲುದ್ದ ಬಿದ್ದಿದ್ದ ದಿನ, ಹೋದಳು. ಡೊಳ್ಳು ಪೂಜೆಯ ಮೂಲೆಯಲ್ಲೇ ಉಳಿಯಿತು, ಅವಳ ಮೂರು ಬೆರಳಿನ ಗೆರೆ ಹೊತ್ತುಕೊಂಡು. ಪೂಜೆ ಮುಗಿಸಬೇಕಾದವಳೇ ಇಲ್ಲವಾದ ಮೇಲೆ ಅದನ್ನು ಇಳಿಸುವವರು ಯಾರು?

ಆಮೇಲಿನ ತಿಂಗಳುಗಳಲ್ಲಿ ಆ ಮನೆಗೆ ಹೋಗಲು ನನಗೆ ಹೆದರಿಕೆಯೇ ಆಗುತ್ತಿತ್ತು. ನವ್ಯಾಗೆ ಹದಿನೇಳು. ಕೋಣೆಯ ಬಾಗಿಲು ಹಾಕಿಕೊಂಡರೆ ಮುಗಿಯಿತು, ಊಟವೂ ಅಲ್ಲೇ. ಶ್ರೀಕಂಠ ಫ್ರೋಜನ್ ಚಪಾತಿ ಬಿಸಿ ಮಾಡಿ ಬಾಗಿಲ ಮುಂದೆ ಇಟ್ಟು ಬರುತ್ತಿದ್ದ. ಅಪ್ಪ ಮಗಳ ನಡುವೆ "ಊಟ ಆಯ್ತಾ?", "ಐ ಏಟ್" ಎಂಬೆರಡು ಮಾತು ಬಿಟ್ಟರೆ ಇನ್ನೇನೂ ಉಳಿದಿರಲಿಲ್ಲ. ಅವನು ಒಳ್ಳೆಯವನೇ. ಆದರೆ ಅಳಬೇಕಾದ ಕಡೆ ಅಳತೆ ಟೇಪು ಹಿಡಿಯುವ ಜಾತಿಯ ಗಂಡಸು. ರೇಣುಕಾ ಇದ್ದಾಗ ಮನೆಯ ಮಾತೆಲ್ಲ ಅವಳ ಪಾಲಿಗೆ ಬಿಟ್ಟು ಹಾಯಾಗಿದ್ದವನಿಗೆ ಈಗ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ಮೇ ತಿಂಗಳಲ್ಲಿ ನಾವು ಹೆಂಗಸರು ಧೈರ್ಯ ಮಾಡಿ ಮತ್ತೆ ಅಲ್ಲೇ ಸೇರಿದೆವು. ಬಾರಿಸಲು ಯಾರಿಗೂ ಕೈ ಬರಲಿಲ್ಲ. ನಾನು ಫೋನು ತೆಗೆದು, ಹಿಂದೆ ರಾಜ್ಯೋತ್ಸವದಲ್ಲಿ ರೇಣುಕಾ ಬಾರಿಸಿದ್ದರ ವಿಡಿಯೋ ಹಾಕಿದೆ. ಸ್ಕೂಲೊಂದರ ಆಡಿಟೋರಿಯಂನಲ್ಲಿ ಯಾರೋ ಹಿಂದಿನ ಸಾಲಿನಿಂದ ತೆಗೆದು ಗ್ರೂಪಿಗೆ ಹಾಕಿದ್ದು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿರುವಾಗ ನವ್ಯಾ ಮೆಟ್ಟಿಲಿಳಿದು ಬಂದಳು.

"ಆಂಟಿ, ಪ್ಲೀಸ್ ಸ್ಟಾಪ್ ಇಟ್. ಇದು ಟಕ್ ಟಕ್ ಟಕ್ ಅಂತಿದೆ. ಅಮ್ಮಾಸ್ ಡ್ರಮ್ ವಾಸ್ ನೆವರ್ ಟಕ್ ಟಕ್."

ನಾನು ನಿಲ್ಲಿಸಿದೆ. ಅವಳು ಪಕ್ಕೆಲುಬಿನ ಕೆಳಗೆ ಬೆರಳಿಟ್ಟುಕೊಂಡು ನಿಂತಿದ್ದಳು.

"ಹೇಗೆ ಸೌಂಡ್ ಆಗ್ತಿತ್ತು ಅಂತ ನೆನಪಿದೆ. ಹೇಗೆ ಫೀಲ್ ಆಗ್ತಿತ್ತು ಅಂತ... ಇಲ್ಲಿ... ಇಟ್ಸ್ ಗೋಯಿಂಗ್, ಆಂಟಿ. ಐ ಕಾಂಟ್ ಹೋಲ್ಡ್ ಇಟ್."

ಶ್ರೀಕಂಠ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. ಮುಂದಿನ ಶನಿವಾರ ಬೇಸ್‌ಮೆಂಟಿಗೆ ಪ್ಲೈವುಡ್ ಹಲಗೆಗಳು ಬಂದವು.

ಹಾಸ್ಟೆಲಿನಲ್ಲಿದ್ದಾಗ ಅವನಿಗೆ ಸ್ಪೀಕರ್ ಕಟ್ಟುವ ಹುಚ್ಚಿತ್ತಂತೆ. ಈಗ ಅದು ಮೈಮೇಲೆ ಬಂತು. ಇಷ್ಟು ದೊಡ್ಡದು ಯಾಕಪ್ಪ, ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದು ಕೇಳಿದರೆ, "ತೆಳು ಸದ್ದಿಗೆ ಸಣ್ಣ ಸ್ಪೀಕರ್ ಸಾಕು ಪದ್ಮಕ್ಕ. ಡೊಳ್ಳಿನ ಆ ತಗ್ಗಿನ ಸದ್ದು, ಬೇಸು, ಮೈಗೆ ತಾಗಬೇಕಂದ್ರೆ ರೂಮಿನ ಗಾಳಿಯನ್ನೇ ತಳ್ಳಬೇಕು" ಎಂದ. ಒಂದೊಂದೂ ಊಟದ ತಟ್ಟೆಗಿಂತ ಎಷ್ಟೋ ದೊಡ್ಡದಾದ ಎರಡು ಸ್ಪೀಕರು, ಅವನ್ನು ಕೂರಿಸಲು ಒಂದು ಪೆಟ್ಟಿಗೆ, ಪೆಟ್ಟಿಗೆ ನಡುಗದಂತೆ ಒಳಗೆ ಅಡ್ಡಪಟ್ಟಿಗಳು. ಗರಗಸದ ಸದ್ದು ತಾಳಲಾರದೆ ನವ್ಯಾ ಮೊದಲ ದಿನ ಜಗಳವಾಡಲು ಕೆಳಗೆ ಬಂದಳು. ಶ್ರೀಕಂಠ ತಲೆ ಎತ್ತದೆಯೇ, "ಈ ತುದಿ ಸ್ವಲ್ಪ ಹಿಡ್ಕೋ ಪುಟ್ಟ, ಜಾರ್ತಿದೆ" ಎಂದ. ಅವಳು ಹಿಡಿದುಕೊಂಡಳು.

ಹಾಗೆ ಶುರುವಾದದ್ದು. ಆ ಜೂನ್ ಜುಲೈ ಇಲ್ಲಿಯ ಬೇಸಿಗೆಗಳಲ್ಲೇ ಕೆಟ್ಟದ್ದು. ಹೊರಗೆ ಕಾಲಿಟ್ಟರೆ ಒದ್ದೆ ಟವೆಲು ಹೊದ್ದ ಹಾಗೆ. ಬೇಸ್‌ಮೆಂಟೇ ತಂಪು. ನ್ಯೂಯಾರ್ಕಿನ ಆಫೀಸಿನಿಂದ ಬಂದು ಟ್ರೇನಿಳಿದು ಬೆವರಿಳಿಸುತ್ತ ನಾನು ಚಿತ್ರಾನ್ನದ ಡಬ್ಬಿ ತಂದರೆ ಅಪ್ಪ ಮಗಳು ಮರದ ಪುಡಿ ಮೆತ್ತಿಕೊಂಡು ಕ್ಲ್ಯಾಂಪಿನ ತಿರುಪು ಬಿಗಿಯುತ್ತಿದ್ದರು. ಅಂಟು ಸವರುವ ಕೆಲಸ ನವ್ಯಾಳದು, ಬೆರಳಲ್ಲೇ ಸವರುತ್ತಿದ್ದಳು. ಹದಿನೈದು ದಿನದಲ್ಲಿ ಅಪ್ಪನಿಗೇ ಗದರಿಸುವಷ್ಟು ಕಲಿತಳು. "ಅಪ್ಪ, ಯೂ ಡಿಡಂಟ್ ಚೆಕ್ ದ ಸ್ಕ್ವೇರ್" ಎಂದರೆ ಅವನು ಶಾಲೆಯ ಹುಡುಗನ ಹಾಗೆ ಮೂಲೆಮಟ್ಟ ಇಟ್ಟು ಮತ್ತೆ ನೋಡುತ್ತಿದ್ದ. ಗದರಿಸಿಕೊಳ್ಳುವುದು ಅವನಿಗೆ ಇಷ್ಟವಾಗುತ್ತಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು.

ಕರೆಂಟಿನದು ಇನ್ನೊಂದು ಪುರಾಣ. ಆಂಪ್ಲಿಫೈಯರ್ ಒಂದನ್ನೇ ಹಚ್ಚಿ ನೋಡಿದ ಮೊದಲ ದಿನ ಮೇಲೆ ನಾನು ರೈಸ್ ಕುಕ್ಕರ್ ಹಚ್ಚಿದ್ದೆ. ಬ್ರೇಕರ್ ಬಿದ್ದು ಅರ್ಧ ಮನೆ ಕತ್ತಲು, ಅನ್ನ ಅರೆಬೆಂದದ್ದು. ಅದಕ್ಕಾಗಿ ಟೌನ್‌ಶಿಪ್ಪಿನ ಪರ್ಮಿಟ್ ತೆಗೆದು, ಎಲೆಕ್ಟ್ರೀಷಿಯನ್ ಕರೆಸಿ, ಪೆಟ್ಟಿಗೆಗೆಂದೇ ಬೇರೆ ಲೈನು ಎಳೆಸಿದರು. ಬ್ರೇಕರ್ ಪ್ಯಾನಲಿನಲ್ಲಿ ಒಂದೊಂದು ಸ್ವಿಚ್ಚಿನ ಎದುರಿಗೂ ಕಿಚನ್, ಡ್ರೈಯರ್, ಫರ್ನೇಸ್ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಹೊಸ ಸ್ವಿಚ್ಚಿನ ಎದುರು ನವ್ಯಾ ಮಾರ್ಕರಿನಿಂದ, ಕನ್ನಡ ಶಾಲೆಯಲ್ಲಿ ಕಲಿತ ಗುಂಡು ಗುಂಡು ಅಕ್ಷರದಲ್ಲಿ, 'ಅಮ್ಮ' ಎಂದು ಬರೆದಳು. ಶ್ರೀಕಂಠ ಅದನ್ನು ನೋಡಿ ಸ್ಕ್ರೂಡ್ರೈವರ್ ಹುಡುಕುವ ನೆಪದಲ್ಲಿ ಮೇಲೆ ಹೋದ.

ಸ್ಪೀಕರುಗಳು ರಾಬಿನ್ಸ್‌ವಿಲ್ ಹತ್ತಿರದ ಒಂದು ವೇರ್‌ಹೌಸಿಗೆ ಬಂದಿದ್ದವು. ಅವನ ಕಾರಿನಲ್ಲಿ ಹಿಡಿಸದು, ನನ್ನ ಮಿನಿವ್ಯಾನ್ ಬೇಕಾಯಿತು. ಮರಳಿ ಬರುವಾಗ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಅವನು ಇದ್ದಕ್ಕಿದ್ದಂತೆ, "ಪದ್ಮಕ್ಕ, ರಾಜ್ಯೋತ್ಸವದ ಆ ರೆಕಾರ್ಡಿಂಗ್‌ನಲ್ಲಿ ಏನೂ ಇಲ್ಲ" ಎಂದ.

"ಏನೂ ಇಲ್ಲ ಅಂದ್ರೆ?"

"ತಗ್ಗಿನ ಸದ್ದು ಇಲ್ಲ. ಫೋನಿನ ಮೈಕು ಅದನ್ನ ಹಿಡಿಯೋದೇ ಕಡಿಮೆ, ಹಿಡಿದಿದ್ದೂ ಗ್ರೂಪಿಂದ ಗ್ರೂಪಿಗೆ ಫಾರ್ವರ್ಡ್ ಆಗಿ ಆಗಿ ಹೋಗಿದೆ. ಲ್ಯಾಪ್‌ಟಾಪಲ್ಲಿ ಹಾಕಿ ನೋಡಿದೆ. ಎಲ್ಲರ ಹತ್ರ ಇರೋದೂ ಅದೇ ಕಾಪಿ. ಎಷ್ಟು ದೊಡ್ಡ ಸ್ಪೀಕರ್ ಇಟ್ರೂ ಇಲ್ಲದ್ದು ಎಲ್ಲಿಂದ ಬರತ್ತೆ?"

"ರೇಣುಕಾ ಫೋನಲ್ಲಿ ಇರ್ಬೇಕಲ್ಲ? ಪ್ರಾಕ್ಟೀಸಿಗೆ ಅದಕ್ಕೊಂದು ಒಳ್ಳೆ ಮೈಕು ಸಿಕ್ಕಿಸ್ತಿದ್ಲು."

ಅವನು ಕಿಟಕಿಯ ಕಡೆ ನೋಡಿದ. "ಕಾರ್ಯ ಮುಗಿಸಿ ಅವಳ ಅಣ್ಣ ಊರಿಗೆ ಹೊರಟಾಗ ಕೊಟ್ಟು ಕಳಿಸಿದೆ. ಅವರ ಮಗಳು ಕಾಲೇಜಿಗೆ ಸೇರ್ತಾಳಂತೆ, ಒಳ್ಳೆ ಫೋನು ಸುಮ್ನೆ ಯಾಕೆ ಬಿದ್ದಿರ್ಬೇಕು ಅಂತ. ಎಲ್ಲಾ ಅಳಿಸಿ, ಒರೆಸಿ, ಚಾರ್ಜರ್ ಸಮೇತ."

ಯಾರನ್ನು ಬಯ್ಯಬೇಕು ಇದಕ್ಕೆ? ನಾವೆಲ್ಲ ಮಾಡುವುದೂ ಅದನ್ನೇ. ಯಾರಾದರೂ ಇಂಡಿಯಾಗೆ ಹೊರಟರೆಂದರೆ ಅವರ ಸೂಟ್‌ಕೇಸಿನಲ್ಲಿ ನಮ್ಮ ಹಳೆಯ ಫೋನು ಇರಲೇಬೇಕು. ಒಳಗಿನದೆಲ್ಲ ಅಳಿಸಿ ಹೊಸದರಂತೆ ಮಾಡಿ ಕೊಡುವುದೇ ಮರ್ಯಾದೆ. ದುಃಖದ ಮಂಪರಿನಲ್ಲಿಯೂ ಅವನು ಆ ಮರ್ಯಾದೆ ಮರೆತಿರಲಿಲ್ಲ, ಅಷ್ಟೆ.

"ಹಾಗಾದ್ರೆ ಇದೆಲ್ಲ ಯಾಕಪ್ಪ? ಅವಳಿಗೆ ಹೇಳಿಬಿಡು."

"ನಿನ್ನೆ ಅಂಟು ಒಣಗೋ ತನಕ ಕ್ಲ್ಯಾಂಪ್ ಹಿಡ್ಕೊಂಡು ಮಾತಾಡಿದ್ಲು. ಸ್ಕೂಲು, ಫ್ರೆಂಡ್ಸು, ಏನೇನೋ. ಅವಳ ಬೆಸ್ಟ್ ಫ್ರೆಂಡ್ ಹೆಸರು ನಂಗೆ ನಿನ್ನೆ ಗೊತ್ತಾಯ್ತು. ಹೇಳಿದ್ರೆ ಮತ್ತೆ ಮೇಲೆ ಹೋಗಿ ಬಾಗಿಲು ಹಾಕ್ಕೋತಾಳೆ." ಸೀಟ್ ಬೆಲ್ಟ್ ಸರಿಮಾಡಿಕೊಂಡು ಮತ್ತೆ ಹೇಳಿದ: "ಆ ಸದ್ದನ್ನ ನಾನೇ ಸೇರಿಸ್ತೀನಿ. ಪ್ರತಿ ಪೆಟ್ಟಿನ ಕೆಳಗೆ ಒಂದು ಗುಡುಗು. ಕಂಪ್ಯೂಟರಲ್ಲಿ ಮಾಡಬಹುದು. ಅವಳಿಗೆ ಗೊತ್ತಾಗಲ್ಲ."

"ಗೊತ್ತಾಗತ್ತೆ" ಎಂದೆ.

ಹಿಂದೆ ಸ್ಪೀಕರುಗಳ ಭಾರಕ್ಕೆ ವ್ಯಾನು ತಗ್ಗಿ ಓಡುತ್ತಿತ್ತು. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ, ಆದರೂ ಮಗಳಿಗೆ ಹೇಳಬೇಕಾದ ಆ ಒಂದು ಮಾತನ್ನು ನುಂಗಿಕೊಂಡೆ. ನವ್ಯಾ ನಗುವುದನ್ನು ಆ ವಾರವಷ್ಟೇ ಕೇಳಿದ್ದೆ.

ಶಾಲೆ ಶುರುವಾಗುವ ಹಿಂದಿನ ಭಾನುವಾರ ಪೆಟ್ಟಿಗೆ ಸಿದ್ಧವಾಯಿತು. ಎತ್ತಿ ನಿಲ್ಲಿಸಲು ಮೂವರಿಂದಲೂ ಆಗದೆ, ಮಲಗಿಸಿಯೇ ಬಿಟ್ಟಿದ್ದೆವು. ಎರಡು ದೊಡ್ಡ ಕಪ್ಪು ಸ್ಪೀಕರುಗಳು ತೆರೆದ ಬಟ್ಟಲುಗಳಂತೆ ಸೂರಿನ ಕಡೆ ಮುಖ ಮಾಡಿದ್ದವು. ಶ್ರೀಕಂಠ ವೈರು ಸಿಕ್ಕಿಸುತ್ತಿದ್ದ. ನವ್ಯಾ ಏನೋ ನೆನಪಾದವಳಂತೆ ಮೇಲೆ ಹೋದಳು. ಬರುವಾಗ ಅವಳ ಎರಡೂ ಕೈಯಲ್ಲಿ ರೇಣುಕಾಳ ಡೊಳ್ಳಿತ್ತು. ಚರ್ಮಕ್ಕೆ ಕೈ ತಾಗದಂತೆ ಹಗ್ಗ ಹಿಡಿದು, ಒಂದೊಂದೇ ಮೆಟ್ಟಿಲಿಗೆ ನಿಂತು ನಿಂತು ಇಳಿದಳು.

"ಪೂಜೆಗೆ ಇಟ್ಟಿದ್ದಲ್ಲವೇನೇ?" ಎಂದೆ.

"ಐ ನೋ, ಆಂಟಿ. ನಾನು ಬಾರ್ಸಲ್ಲ. ಜಸ್ಟ್... ಅಮ್ಮಂದು ಇಲ್ಲಿರ್ಬೇಕು."

ಪ್ರಾಕ್ಟೀಸು ಮುಗಿದ ಮೇಲೆ ರೇಣುಕಾ ಡೊಳ್ಳನ್ನು ಸೂರಿನ ತೊಲೆಯ ಕೊಕ್ಕೆಗೆ ತೂಗುಹಾಕುತ್ತಿದ್ದಳು. ನವ್ಯಾ ಅದೇ ಕೊಕ್ಕೆಗೆ ಹಾಕಿದಳು. ಡೊಳ್ಳು ಪೆಟ್ಟಿಗೆಯ ಒಂದು ಸ್ಪೀಕರಿನ ನೇರ ಮೇಲೆ ಬಂತು. ಶ್ರೀಕಂಠ ಅದನ್ನು ನೋಡಿ ಮತ್ತೆ ವೈರಿನ ಕಡೆ ಬಗ್ಗಿದ. ನವ್ಯಾ ಪ್ಯಾನಲಿನ ಹತ್ತಿರ ಹೋಗಿ 'ಅಮ್ಮ' ಸ್ವಿಚ್ಚನ್ನು ಮೇಲೆತ್ತಿ ಬಂದು ಕಣ್ಣು ಮುಚ್ಚಿ ನಿಂತಳು. ಅವನು ಲ್ಯಾಪ್‌ಟಾಪಿನಲ್ಲಿ ಫೈಲು ಒತ್ತಿದ.

ಧಮ್ ಎಂದಿತು. ಕಿಟಕಿ ಗಾಜು, ವಾಷಿಂಗ್ ಮೆಷೀನಿನ ಮೇಲಿನ ಡಬ್ಬಿಗಳು, ನನ್ನ ಹಲ್ಲು, ಎಲ್ಲವೂ ನಡುಗಿದವು. ನಿಜ ಹೇಳುತ್ತೇನೆ, ಎಲ್ಲ ಗೊತ್ತಿದ್ದೂ ನಾನು ಮೋಸಹೋದೆ. ಕಣ್ಣಲ್ಲಿ ನೀರು ಬಂತು, ಇವಳೇ, ಬಂದೇಬಿಟ್ಟಳು ಎನ್ನಿಸಿತು. ನವ್ಯಾ ಪಕ್ಕೆಲುಬಿನ ಕೆಳಗೆ ಅಂಗೈ ಒತ್ತಿಕೊಂಡಿದ್ದಳು. ವಿಡಿಯೋ ಮುಗಿಯುವವರೆಗೂ ಹಾಗೇ ಇದ್ದಳು. ಆಮೇಲೆ ಕಣ್ಣು ತೆರೆದಳು.

"ಅಪ್ಪ, ಇದು ಅಮ್ಮ ಅಲ್ಲ."

ಸದಾ ಇಂಗ್ಲಿಷು ಬೆರೆಸುವ ಹುಡುಗಿ ಅದನ್ನು ಪೂರ್ತಿ ಕನ್ನಡದಲ್ಲಿ ಹೇಳಿದಳು.

"ಯಾಕೆ ಪುಟ್ಟ?"

"ಎಲ್ಲಾ ಒಂದೇ ಥರ ಬರ್ತಿದೆ. ಅಮ್ಮನ ಎಡಗೈ ಲೇಟಾಗಿ ಬರ್ತಿತ್ತು. ಎವ್ರಿ ಟೈಮ್ ಎ ಲಿಟಲ್ ಡಿಫರೆಂಟ್. ಇದ್ಯಾರು?"

ಅವನು ಕುರ್ಚಿಯಲ್ಲಿ ಕುಸಿದು ಕುಳಿತ. "ಅದು ನಾನು" ಎಂದ. "ನಾನು ಹಾಕಿದ್ದು. ರೆಕಾರ್ಡಿಂಗಲ್ಲಿ ಅದು ಇಲ್ಲ ಪುಟ್ಟ. ಎಲ್ಲೂ ಇಲ್ಲ. ನಂಗೆ ಮೊದಲಿಂದ ಗೊತ್ತಿತ್ತು."

ಅವಳು ಅಪ್ಪನನ್ನು ನೋಡುತ್ತ ನಿಂತಳು. ಬೈದಿದ್ದರೆ ಒಳ್ಳೆಯದಿತ್ತು. ಮೂವರೂ ಹಾಗೆ ಕಲ್ಲಾಗಿದ್ದಾಗ ಲ್ಯಾಪ್‌ಟಾಪನ್ನು ಯಾರೂ ಗಮನಿಸಲಿಲ್ಲ. ಪರೀಕ್ಷೆಗೆಂದು ಅವನು ಇಟ್ಟುಕೊಂಡಿದ್ದ ಮುಂದಿನ ಫೈಲು ತಾನಾಗಿಯೇ ಶುರುವಾಯಿತು. ತೀರ ತಗ್ಗಿನಿಂದ ಹೊರಟು ನಿಧಾನವಾಗಿ ಮೇಲೇರುವ ಒಂದೇ ಒಂದು ಸ್ವರ. ಮೊದಲು ಪಾದಕ್ಕೆ ತಿಳಿಯಿತು, ಆಮೇಲೆ ಮಂಡಿಗೆ. ಅದು ಏರುತ್ತಿದ್ದಂತೆ ನಮ್ಮ ತಲೆಯ ಮೇಲಿನಿಂದ ಇನ್ನೊಂದು ಸದ್ದು ಬಂತು.

ಡೊಳ್ಳು ಮೊಳಗುತ್ತಿತ್ತು. ಯಾರೂ ಮುಟ್ಟಿರಲಿಲ್ಲ. ಶ್ರೀಕಂಠ ಆಮೇಲೆ ವಿವರಿಸಿದ: ಅವನು ಸೇರಿಸಿದ್ದ ಗುಡುಗು ಡೊಳ್ಳಿನ ಸ್ವಂತ ಸ್ವರಕ್ಕಿಂತ ತಗ್ಗಿನದು. ಈ ಸ್ವರ ಏರುತ್ತ ಏರುತ್ತ ಸರಿಯಾಗಿ ಅದನ್ನೇ ಮುಟ್ಟಿತು, ಚರ್ಮ ಓಗೊಟ್ಟಿತು. ಆಗ ನಮಗೆ ಆ ಲೆಕ್ಕವೆಲ್ಲ ಎಲ್ಲಿ ಹೊಳೆಯಬೇಕು? ಪಕ್ಕೆಲುಬಿನ ಕೆಳಗೆ, ಅದೇ ಜಾಗದಲ್ಲಿ, ಅದೇ ಬಂದು ತಾಗಿತು. ಒತ್ತಿಕೊಳ್ಳಲು ಸೆರಗಿರಲಿಲ್ಲ, ನಾನು ಬಾಯಿಗೆ ಅಂಗೈಯನ್ನೇ ಅಡ್ಡ ಹಿಡಿದೆ. ನವ್ಯಾಳ ಮುಖ ಅರಳಿತು. "ಅಪ್ಪ," ಎಂದಳು, "ದಟ್ಸ್ ಇಟ್. ದಟ್ಸ್ ಇಟ್."

ಆಗ ಹಳದಿ ಹೊಗೆಯಂಥದ್ದು ಕಂಡಿತು. ಬೇಸ್‌ಮೆಂಟಿನ ಸಣ್ಣ ಕಿಟಕಿಯ ಬಿಸಿಲಿನಲ್ಲಿ ಅದು ತೆಳುವಾಗಿ ಇಳಿಯುತ್ತಿತ್ತು. ಏನೆಂದು ನನಗೆ ತಕ್ಷಣ ತಿಳಿಯಲಿಲ್ಲ. ತಲೆ ಎತ್ತಿ ನೋಡಿದೆ. ಡೊಳ್ಳಿನ ಚರ್ಮದ ಮೇಲೆ ರೇಣುಕಾ ಎಳೆದಿದ್ದ ಮೂರು ಗೆರೆಗಳು ಕುಣಿಯುತ್ತಿದ್ದವು. ಭಂಡಾರ ಚರ್ಮದಿಂದ ಎದ್ದು ಎದ್ದು ಉದುರುತ್ತಿತ್ತು.

"ಅಪ್ಪ, ಆಫ್ ಮಾಡು! ಅಮ್ಮನ ಬೆರಳು ಹೋಗ್ತಿದೆ!"

ಅವನು ಲ್ಯಾಪ್‌ಟಾಪಿನ ಮೇಲೆ ಬಿದ್ದ, ಅದು ಕೈತಪ್ಪಿ ಕೆಳಗೆ ಜಾರಿತು, ಸ್ವರ ನಿಲ್ಲಲಿಲ್ಲ. ನವ್ಯಾ ಪೆಟ್ಟಿಗೆಯ ಅಂಚಿಗೆ ಮಂಡಿಯೂರಿ ಡೊಳ್ಳನ್ನು ಎರಡೂ ತೋಳಲ್ಲಿ ಬಾಚಿ ತಬ್ಬಿಕೊಂಡಳು, ಅದರ ಸದ್ದನ್ನು ತನ್ನ ಮೈಯಿಂದಲೇ ಅಡಗಿಸುವಂತೆ. ಅವನು ಓಡಿ ಹೋಗಿ ಪ್ಯಾನಲಿನ ಬಾಗಿಲು ತೆಗೆದು, 'ಅಮ್ಮ' ಎಂದು ಬರೆದಿದ್ದ ಸ್ವಿಚ್ಚನ್ನು ಕೆಳಗೆ ಒತ್ತಿದ.

ಮನೆ ನಿಶ್ಶಬ್ದವಾಯಿತು. ಅವಳು ಬಹಳ ಹೊತ್ತು ಬಿಡಲಿಲ್ಲ. ಬಿಟ್ಟಾಗ ಚರ್ಮ ಬೋಳಾಗಿತ್ತು. ಸ್ವಲ್ಪ ಹಳದಿ ಅವಳ ಬಿಳಿಯ ಟೀ ಶರ್ಟಿನ ಎದೆಗೆ ಹತ್ತಿತ್ತು. ಉಳಿದದ್ದೆಲ್ಲ ಕೆಳಗೆ, ಸ್ಪೀಕರಿನ ಕಪ್ಪು ಬಟ್ಟಲಿನಲ್ಲಿ, ಉದುರಿ ಕುಳಿತಿತ್ತು. ಶ್ರೀಕಂಠ ಹತ್ತಿರ ಬರಲೂ ಹೆದರಿ ಪ್ಯಾನಲಿನ ಪಕ್ಕದಲ್ಲೇ ನಿಂತಿದ್ದ.

"ಅಪ್ಪ, ಐ ಫೆಲ್ಟ್ ಇಟ್" ಎಂದಳು ಅವಳು, ಅವನ ಕಡೆ ತಿರುಗದೆ. ಆಮೇಲೆ ಅತ್ತಳು. ಫೆಬ್ರವರಿಯಿಂದ ಅಳದ ಹುಡುಗಿ. ಅವನು ಬಂದು ಅವಳ ಪಕ್ಕದಲ್ಲಿ ನೆಲಕ್ಕೆ ಕುಳಿತು, ಸದ್ದು ಮಾಡಿ ಅತ್ತ. ನನಗೆ ಅಲ್ಲಿ ಕೆಲಸವಿರಲಿಲ್ಲ. ಮೇಲೆ ಹೋಗಿ ರೇಣುಕಾಳ ಒಲೆಯ ಮುಂದೆ ನಿಂತು ನನ್ನ ಪಾಲಿನದನ್ನು ಅತ್ತು ಮುಗಿಸಿದೆ.

ಸಂಜೆ ನವ್ಯಾ, ರೇಣುಕಾ ರೊಟ್ಟಿ ಹಿಟ್ಟು ನಾದುತ್ತಿದ್ದ ದೊಡ್ಡ ಪರಾತವನ್ನು ತಂದು ಆ ಸ್ಪೀಕರಿನ ಮೇಲೆ ಬೋರಲು ಮುಚ್ಚಿದಳು. ಆ ಪೆಟ್ಟಿಗೆಯನ್ನು ಮತ್ತೆ ಯಾರೂ ಹಚ್ಚಲಿಲ್ಲ. ಹಚ್ಚಿದರೆ ಭಂಡಾರ ಹಾರಿಹೋಗುತ್ತದಲ್ಲ. ಇಡೀ ಬೇಸಿಗೆ ಬೆವರು ಸುರಿಸಿ, ಬೇರೆ ಲೈನು ಎಳೆಸಿ ಕಟ್ಟಿದ್ದು ಒಂದು ಮಧ್ಯಾಹ್ನ ಮಾತ್ರ ಸದ್ದು ಮಾಡಿ ಸುಮ್ಮನಾಯಿತು. ಆದರೆ ನವ್ಯಾ ಮತ್ತೆ ಕೋಣೆಯ ಬಾಗಿಲು ಹಾಕಿಕೊಳ್ಳಲಿಲ್ಲ. ಅಕ್ಟೋಬರಿನಲ್ಲಿ ಆಯುಧಪೂಜೆಯ ದಿನ ಶ್ರೀಕಂಠ ಕಾರಿಗೂ ಗರಗಸಕ್ಕೂ ಕುಂಕುಮವಿಟ್ಟು, ಭಂಡಾರದ ಡಬ್ಬಿ ಹಿಡಿದು, "ಡೊಳ್ಳಿಗೆ ಹಚ್ಚಲಾ?" ಎಂದು ಮಗಳನ್ನು ಕೇಳಿದ. ಅವಳು ತಲೆಯಾಡಿಸಿ ಬೇಡವೆಂದಳು. ಅವನು ಡಬ್ಬಿ ಮುಚ್ಚಿಟ್ಟ.

ಇದೆಲ್ಲ ಆ ಶನಿವಾರ ಮೆಟ್ಟಿಲ ಮೇಲೆ ನಿಂತಿದ್ದಾಗ ಕಣ್ಣ ಮುಂದೆ ಬಂದು ಹೋಯಿತು. ಕೆಳಗೆ ಅಪ್ಪ ಮಗಳು ಕಾಯುತ್ತಿದ್ದರು. ನವ್ಯಾ ಕಾಲೇಜಿನಿಂದ ಬಂದಿದ್ದಾಳೆ, ಅಮ್ಮನ ಹಾಗೆಯೇ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾಳೆ. ಶ್ರೀಕಂಠ ಜರ್ಸಿ ಸಿಟಿಯ ಸಣ್ಣ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದಾನೆ. ಇಷ್ಟು ದೊಡ್ಡ ಮನೆ ಒಬ್ಬನಿಗೆ ಯಾಕೆ ಎಂದ. ಪೆಟ್ಟಿಗೆ ಮಾತ್ರ ಅಲ್ಲೇ ಉಳಿಯಬೇಕು. ಕೆಳಗೇ ಕಟ್ಟಿದ್ದು, ಮೆಟ್ಟಿಲಿನ ತಿರುವಿನಲ್ಲಿ ಹೊರಗೆ ಹಿಡಿಸದು. ಇಂಜಿನಿಯರ್ ಅಪ್ಪನೂ ಅವನನ್ನೇ ಗದರಿಸುವ ಮಗಳೂ ಎಲ್ಲವನ್ನೂ ಅಳೆದಿದ್ದರು, ಮೆಟ್ಟಿಲನ್ನು ಬಿಟ್ಟು. ಹೊಸದಾಗಿ ಕೊಂಡವರು ಹೋಮ್ ಥಿಯೇಟರ್ ಆಯಿತೆಂದು ಖುಷಿಯಾಗಿದ್ದಾರಂತೆ.

ನವ್ಯಾ ಕೊಕ್ಕೆಯಿಂದ ಅಮ್ಮನ ಡೊಳ್ಳನ್ನು ಇಳಿಸಿ, ಬೆರಳಿನಿಂದ ಒಮ್ಮೆ ತಟ್ಟಿ, ನನ್ನ ಕೈಗಿತ್ತಳು.

"ಇದು ನಿಮ್ಗೆ, ಆಂಟಿ. ಪ್ಲೇ ಇಟ್. ರೊಟ್ಟಿ ತಟ್ಟಿದ ಹಾಗೆ ಅಲ್ಲ."

"ನಿನಗೆ ಬೇಡವೇನೇ?"

ಅವಳು ಪೆಟ್ಟಿಗೆಯ ಕಡೆ ನೋಡಿದಳು. "ಐ ಹ್ಯಾವ್ ಮೈನ್."

ಪರಾತ ತೆಗೆದಳು. ಭಂಡಾರ ಹಾಗೆಯೇ ಇತ್ತು. ಶ್ರೀಕಂಠ ಟಾರ್ಚು ಹಿಡಿದ. ಅವಳು ಸ್ಕ್ರೂಗಳನ್ನು ಒಂದೊಂದಾಗಿ, ಅಲುಗದಂತೆ ಬಿಚ್ಚಿದಳು. ಅಪ್ಪ ಮಗಳು ಎದುರುಬದುರು ನಿಂತು, ಆರತಿ ತಟ್ಟೆಯನ್ನು ಎತ್ತುವ ಹಾಗೆ, ಆ ಭಾರದ ಸ್ಪೀಕರನ್ನು ಮಟ್ಟಸವಾಗಿ ಮೇಲೆತ್ತಿದರು. ಪ್ಯಾನಲಿನಲ್ಲಿ 'ಅಮ್ಮ' ಸ್ವಿಚ್ಚು ಕೆಳಗೇ ಇತ್ತು. ಆ ಅಕ್ಷರವನ್ನು ಅಳಿಸಬೇಕೆಂದು ಇಬ್ಬರಿಗೂ ತೋಚಲಿಲ್ಲ, ನಾನೂ ನೆನಪಿಸಲಿಲ್ಲ.

ಶ್ರೀಕಂಠ ಸಾಮಾನಿನ ಟ್ರಕ್ಕಿನಲ್ಲಿ ಹೋದ. ನವ್ಯಾ ನನ್ನ ಮಿನಿವ್ಯಾನಿನಲ್ಲಿ ಸ್ಪೀಕರನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಕಿಟಕಿ ಮುಚ್ಚಿಸಿದಳು, ಗಾಳಿ ಆಡಬಾರದೆಂದು ಏಸಿಯನ್ನೂ ಆರಿಸಿದಳು. ಆಗಸ್ಟಿನ ಸೆಕೆಯಲ್ಲಿ ಇಬ್ಬರೂ ಬೆವರಿಳಿಸುತ್ತ ಜರ್ಸಿ ಸಿಟಿಯ ದಾರಿ ಹಿಡಿದೆವು. ಸೇತುವೆಯೊಂದರ ಜೋಡಣೆಯ ಮೇಲೆ ವ್ಯಾನು ಕುಲುಕಿತು. ಹಿಂದಿನ ಸೀಟಿನಲ್ಲಿ ಡೊಳ್ಳು ಧಮ್ ಎಂದಿತು. ನವ್ಯಾ ಎರಡೂ ಅಂಗೈಗಳನ್ನು ಬಟ್ಟಲಿನ ಮೇಲೆ, ತಾಗದಂತೆ, ದೀಪಕ್ಕೆ ಅಡ್ಡ ಹಿಡಿದ ಹಾಗೆ ಹಿಡಿದಳು.

"ಸ್ಲೋ, ಆಂಟಿ" ಎಂದಳು.

ನಾನು ನಿಧಾನದವರ ಬಲಗಡೆಯ ಲೇನಿಗೆ ಬಂದು ವೇಗ ಇನ್ನೂ ಇಳಿಸಿದೆ. ಹಿಂದಿನವರೆಲ್ಲ ಹಾರ್ನ್ ಹೊಡೆದರು. ಹೊಡೆದುಕೊಳ್ಳಲಿ.